ಬಸ್ಸಿಗೆ ಅಡ್ಡ ಬಂದ ಕಟ್ಟೆಯ ಬಗ್ಗೆ

ಇಂದ:
ಅಂದಾನೆಪ್ಪ, ಜೋಳದ ವ್ಯಾಪಾರಿ, ಪೇಟೆ ಓಣಿ, ಗಜೇಂದ್ರಗಡ
(ಬರೆದವ: ಗೌಸುಸಾಬ, ಅರ್ಜಿ ಬರೆಯುವವ)

ಗೆ:
ಅಧ್ಯಕ್ಷರು, ಬಸ್ಸಿನ ಹಾದಿ ತೆರವು ಸಮಿತಿ

ವಿಷಯ: ಬಸ್ಸನ್ನು ಒಂದೂವರೆ ಮೊಳ ಕಿರಿದು ಮಾಡಿಸುವ ಕುರಿತು.
ಉಲ್ಲೇಖ: ಪೇಟೆಯೊಳಗೆ ಬಸ್ಸು ತರಿಸಬೇಕೆಂದು ಇದೇ ಅಂದಾನೆಪ್ಪನವರು ತಾ. 4-2-1957ರಂದು ಕೊಟ್ಟ ಅರ್ಜಿ, ನೂರಾ ಹನ್ನೆರಡು ಹೆಬ್ಬೆಟ್ಟಿನ ಸಹಿತ.

ಮಾನ್ಯರೇ,

1. ರೋಣದ ಬಸ್ಸು ಜನರನ್ನು ಹಳ್ಳದ ದಂಡೆಗೇ ಇಳಿಸಿ ತಿರುಗುತ್ತದೆ. ಕಾರಣ, ಪೇಟೆ ಓಣಿಯಲ್ಲಿ ಬಂಡಿ, ಚೀಲ, ಕಟ್ಟೆ ತುಂಬಿ ಅದಕ್ಕೆ ಜಾಗವಿಲ್ಲ. ಅಂದಾನೆಪ್ಪನವರ ಮಗಳು ಗೌರವ್ವ ನರಗುಂದದಿಂದ ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳು. ಏಳು ತಿಂಗಳ ಬಸುರಿ ಅರ್ಧ ಮೈಲು ನಡೆಯಬಾರದು. ಆದ್ದರಿಂದ ಯಾರ ಮುಲಾಜೂ ಇಲ್ಲದೆ ಓಣಿಯ ಕಟ್ಟೆ ಕೀಳಿಸಿರೆಂದು ಉಲ್ಲೇಖದ ಅರ್ಜಿ ಬರೆಸಿದರು. ಬರೆದವನೂ ಇದೇ ಗೌಸುಸಾಬ.

2. ಸೋಮವಾರ ತಮ್ಮ ಅಳತೆಯವ ಬಂದ. ಟೇಪಿನ ತುದಿ ಹಿಡಿದವರು ಅಂದಾನೆಪ್ಪನವರೇ. ಸುಣ್ಣದ ಗೆರೆ ಒಂದು ಕಟ್ಟೆಯ ನಟ್ಟನಡುವೆ ಹಾಯಿತು. "ಯಾರದಪಾ ಈ ಕಟ್ಟಿ? ನಾಚಿಗಿಲ್ಲದವರು, ಹಾದೀನ ನುಂಗ್ಯಾರ" ಎಂದರು.
"ನಿಮ್ಮದ್ರೀ ಯಜಮಾನ್ರ" ಎಂದ ಅವನು.

3. ಸದರಿ ಕಟ್ಟೆ ಇವರ ತಂದೆ ಕಟ್ಟಿಸಿದ್ದು. ಇಪ್ಪತ್ತು ವರ್ಷದಿಂದ ಇವರು ದಿನಾ ಸಂಜೆ ಅದರ ಮೇಲೆ ಕೂತು ಓಣಿಯವರಿಗೆ ಪೇಪರು ಓದಿ ಹೇಳುತ್ತಾರೆ. ಹೀಗಾಗಿ ಅದು ಹಾದಿಯ ಮೇಲಿದೆಯೆಂಬುದು ಲಕ್ಷ್ಯಕ್ಕೆ ಬಂದಿರಲಿಲ್ಲ. ಭಾಳ ಸಂಕಟವಾಗಿದೆ. ಕಾರಣ, ಕಟ್ಟೆ ಇದ್ದಂತೆ ಇಟ್ಟು ಬಸ್ಸಿನ ಅಗಲ...

4. ಮೇಲಿನ ಕಲಮನ್ನು ಅದೇ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದಾಗ ಯಜಮಾನತಿ ಸಿದ್ದವ್ವನವರು ಹಾರೆ ಹಿಡಿದು ಹೊರಗೆ ಬಂದರು. "ಬಸ್ಸ ಕೆತ್ತಸ್ತೀರೇನ್ರಿ? ಇನ್ನ ಎಂಟ ದಿನಕ್ಕ ಮಗಳು ಬರ್ತಾಳ. ಹಳ್ಳದಿಂದ ನಡಕೋತ ಬರಬೇಕೇನು ಆಕಿ?"
ಅಂದಾನೆಪ್ಪನವರು ಎದ್ದು, ಹಾರೆ ಇಸಕೊಂಡು, ಮೊದಲ ಕಲ್ಲು ತಾವೇ ಕಿತ್ತರು. ಕಣ್ಣಿಗೆ ಮಣ್ಣು ಬಿತ್ತೆಂದು ಹೇಳಿದ್ದಾರೆ. ಹಾಗೇ ನಮೂದಿಸಿದೆ.

ಆದ್ದರಿಂದ ವಿಷಯದಲ್ಲಿ ಕಾಣಿಸಿದ ಬೇಡಿಕೆ ರದ್ದು. ಬಸ್ಸು ತನ್ನ ಅಗಲದಲ್ಲೇ ಬರಲಿ, ಕಟ್ಟೆ ಇದ್ದ ಜಾಗದಲ್ಲೇ ಬಂದು ನಿಲ್ಲಲಿ. ಇಳಿದವರು ದಣಿವಾರಿಸಿಕೊಳ್ಳಲು ಗೆರೆಯಿಂದ ಮನೆಯ ಕಡೆಗೆ ಒಂದು ಕಲ್ಲು ಉಳಿಸಿದೆ. ಮಂಜೂರಾಗಬೇಕು.

ತಮ್ಮ ಹಾಗೂ ತಮ್ಮ ಬಸ್ಸಿನ ವಿಶ್ವಾಸಿ,
ಅಂದಾನೆಪ್ಪ

ಲಗತ್ತು: ಸುಣ್ಣದ ಗೆರೆಯ ನಕಾಶೆ, ಕಿತ್ತ ಕಲ್ಲು ಒಂದು, ಪುರಾವೆಗಾಗಿ.

ತಾ.ಕ.: ಗೌರವ್ವ ಬಂದಿಳಿಯುವವರೆಗೆ ಉಳಿಸಿದ ಸದರಿ ಕಲ್ಲಿನ ಮೇಲೆ ಅರ್ಜಿದಾರರು ಕೂಡ್ರಲು ಅಪ್ಪಣೆಯಾಗಬೇಕು. ನಿನ್ನೆಯಿಂದ ಕೂತಿದ್ದಾರೆ.