ಟ್ವಿಚೆಲ್ಲನ ಮೀಸೆ ಮತ್ತು ಕೊಕ್ಕರೆಗಳ ಮೊದಲ ಆಯ್ಕೆ

ಹಾರ್ಲನ್ ಟ್ವಿಚೆಲ್ ಪತ್ರಿಕೆಯಲ್ಲಿ ಒಂದು ಹೆಸರು ಬರೆದ. ಅಷ್ಟಕ್ಕೇ, ಅವನ ಬೆಳಗಿನ ಕಾಫಿ ಆರುವುದರೊಳಗೆ, ಪೋರ್ಟ್ ಹೇವರ್ಲಿಯ ಅರ್ಧ ಊರು ಅವನ ಮೇಲೆ ತಿರುಗಿಬಿದ್ದಿತು.

ಹಾರ್ಲನ್ ಹೊಟ್ಟೆಪಾಡಿಗೆ ನಲ್ಲಿ, ಸಿಂಕು, ಕಮೋಡು ಮಾರುವವನು. ಆದರೆ ವರ್ಷಕ್ಕೊಮ್ಮೆ ಜುಲೈ ತಿಂಗಳಲ್ಲಿ ಜ್ಯೋತಿಷಿಯಾಗುತ್ತಿದ್ದ. ಶಾಲೆ ಕಾಲೇಜುಗಳಲ್ಲಿ ಬೇಸ್‌ಬಾಲ್ ಆಡುವ ಹುಡುಗರನ್ನು ದೊಡ್ಡ ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುವ ದಿನಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಆ ದಿನ ಊರಿನ ತಂಡವಾದ ಹೆರನ್ಸ್ ಮೊದಲ ಸುತ್ತಿನಲ್ಲಿ ಯಾರನ್ನು ಹಿಡಿಯುತ್ತದೆಂದು ‘ಬೀಕನ್’ ಪತ್ರಿಕೆಯಲ್ಲಿ ಮುಂಚೆಯೇ ಬರೆಯುವುದು ಅವನ ಚಟ. ಹೆರನ್ ಅಂದರೆ ಕೊಕ್ಕರೆ. ತಂಡವೂ ಹೆಸರಿಗೆ ತಕ್ಕಂತೆ ಬೇಸಿಗೆಯಿಡೀ ಒಂಟಿಕಾಲಲ್ಲಿ ನಿಂತು, ಕೊನೆಗೆ ಒಂದು ಮೀನೂ ಸಿಗದೆ ಮನೆಗೆ ಹೋಗುತ್ತಿತ್ತು. ಊರಿನವರು ಬೈಯುವಾಗ ಮಾತ್ರವಲ್ಲ, ಮುದ್ದಿನಿಂದಲೂ ಅದನ್ನು ಕೊಕ್ಕರೆಗಳೆಂದೇ ಕರೆಯುತ್ತಿದ್ದರು.

ಹಾರ್ಲನ್‌ನ ಶ್ರಮಕ್ಕೇನೂ ಕುಂದಿರಲಿಲ್ಲ. ರಜೆ ಹಾಕಿ ಊರೂರು ಸುತ್ತಿ ಹುಡುಗರ ಆಟ ನೋಡುತ್ತಿದ್ದ. ಯಾರ ಭುಜಕ್ಕೆ ಕಸುವಿದೆ, ಯಾರ ಮೊಣಕಾಲು ಕೈಕೊಡುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಹೆಂಡತಿ ಮೇವಿಸ್‌ಳ ಹುಟ್ಟಿದ ದಿನ ಮಾತ್ರ ಪ್ರತಿ ವರ್ಷ ಮರೆಯುತ್ತಿದ್ದ. ಇಷ್ಟಾದರೂ ಅವನು ಬರೆದ ಹುಡುಗನನ್ನು ಕೊಕ್ಕರೆಗಳು ಒಂದು ವರ್ಷವೂ ಮುಟ್ಟಿರಲಿಲ್ಲ.

ಬರಬರುತ್ತಾ ಊರಿನವರು ಇದನ್ನು ತಪ್ಪು ಎನ್ನುವುದನ್ನು ಬಿಟ್ಟು ಶಾಪ ಎನ್ನತೊಡಗಿದರು. ಬೇಸ್‌ಬಾಲ್ ಊರಿಗೆ ಇಂಥವೇನೂ ಹೊಸದಲ್ಲ. ಗೆಲ್ಲುತ್ತಿರುವಾಗ ಕಾಲುಚೀಲ ಒಗೆಯಬಾರದು, ಮೈದಾನದ ಸುಣ್ಣದ ಗೆರೆ ತುಳಿಯಬಾರದು, ಚೆಂಡೆಸೆಯುವವನು, ಅಂದರೆ ಪಿಚರ್, ಅದ್ಭುತವಾಗಿ ಎಸೆಯುತ್ತಿದ್ದರೆ ಆ ಮಾತನ್ನು ಯಾರೂ ಬಾಯಿಬಿಟ್ಟು ಆಡಬಾರದು. ಆಡಿದರೆ ಮುಂದಿನ ಎಸೆತಕ್ಕೇ ಕೆಟ್ಟಿತು ಎಂದರ್ಥ. ತಂಡದ ಒಡತಿ ಶ್ರೀಮತಿ ಅಗಾಥಾ ಹಾರ್ನ್‌ಬಕಲ್ ಅವರಂತೂ ಒಮ್ಮೆ ತಂಡ ಗೆಲ್ಲುತ್ತಿದ್ದಷ್ಟು ದಿನವೂ ಒಂದೇ ಹಸಿರು ಟೋಪಿ ಹಾಕಿಕೊಂಡು ಮದುವೆಗೂ ಹೋಗಿದ್ದರು, ಮಣ್ಣಿಗೂ ಹೋಗಿದ್ದರು.

ಹೋದ ವರ್ಷ ಕಾರ್ಮೈನ್‌ನ ಕ್ಷೌರದಂಗಡಿಯಲ್ಲಿ ಎಲ್ಲರೂ ಸೇರಿ ನಕ್ಕಾಗ ಹಾರ್ಲನ್‌ಗೆ ರೋಷ ಉಕ್ಕಿತ್ತು. “ಮುಂದಿನ ಸಲ ತಪ್ಪಿದ್ರೆ ಇದೇ ಕುರ್ಚೀಲಿ ಕೂತು ಮೀಸೆ ಬೋಳಿಸ್ಕೋತೀನಿ!” ಎಂದುಬಿಟ್ಟಿದ್ದ. ಆ ಮೀಸೆ ಅವನ ಮುಖದಲ್ಲಿದ್ದ ಏಕೈಕ ಗಂಭೀರ ವಸ್ತು. ಅದಿಲ್ಲದಿದ್ದರೆ ಅವನು ಥೇಟ್ ತನ್ನ ಸೋದರತ್ತೆಯಂತೆ ಕಾಣುತ್ತಿದ್ದ. ಇದು ಅವನಿಗೂ ಗೊತ್ತಿತ್ತು, ಸೋದರತ್ತೆಗೂ ಗೊತ್ತಿತ್ತು.

ಆದರೆ ಈ ವರ್ಷ ಅವನಿಗೆ ಸಂಶಯವೇ ಇರಲಿಲ್ಲ. ಊರಿನದೇ ಹುಡುಗ ಡ್ಯಾನಿ ಕೊವಾಲ್ಚಿಕ್ ಎಡಗೈಯಲ್ಲಿ ಚೆಂಡೆಸೆದರೆ ಅದು ಬಂದದ್ದು ಕಾಣುತ್ತಿರಲಿಲ್ಲ, ಹೋದ ಸದ್ದು ಮಾತ್ರ ಕೇಳುತ್ತಿತ್ತು. ಕೊಕ್ಕರೆಗಳಿಗೆ ಬೇಕಾಗಿದ್ದದ್ದೂ ಅಂಥವನೇ. ‘ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ, ಡ್ಯಾನಿ ಕೊವಾಲ್ಚಿಕ್’ ಎಂದು ಹಾರ್ಲನ್ ಡ್ರಾಫ್ಟ್ ದಿನದ ಬೆಳಗಿನ ಪತ್ರಿಕೆಯಲ್ಲಿ ಬರೆದ.

ಹಾರ್ಲನ್ ಕೆಲಸಕ್ಕಿದ್ದ ಅಂಗಡಿಯ ಬಾಗಿಲು ತೆಗೆದ ಸ್ವಲ್ಪ ಹೊತ್ತಿಗೇ ಡ್ಯಾನಿಯ ತಾಯಿ ರೂತಾನ್ ಕೊವಾಲ್ಚಿಕ್ ನುಗ್ಗಿದಳು. ಚರ್ಚಿನ ಅಡುಗೆಮನೆಯಲ್ಲಿ ಪಿರೋಗಿ ಕಡುಬು ಮಾಡುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು. ಮೊಣಕೈವರೆಗೂ ಹಿಟ್ಟು. ಹಾರ್ಲನ್‌ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳಾದ್ದರಿಂದ ಮರ್ಯಾದೆಯ ಹಂಗಿರಲಿಲ್ಲ.

“ಅಯ್ಯೋ ಪಾಪಿ! ನಾನು ನಿನಗೇನು ಅನ್ಯಾಯ ಮಾಡಿದ್ನೋ? ಪರೀಕ್ಷೇಲಿ ನಿನಗೆ ಗಣಿತ ತೋರಿಸ್ಲಿಲ್ವಾ?”

“ರೂತಾನ್, ನಿನ್ನ ಮಗನ್ನ ಹೊಗಳಿ ಬರೆದಿದ್ದೀನಿ ಕಣೇ!”

“ಹೊಗಳಿದ್ದೀಯಾ? ಇದಕ್ಕಿಂತ ವಿಷ ಹಾಕಿದ್ರೆ ವಾಸಿಯಿತ್ತು. ಹುಟ್ಟಿದಾಗಿಂದ ಕೊಕ್ಕರೆ ಕೊಕ್ಕರೆ ಅಂತ ಜಪ ಮಾಡಿದ ಹುಡುಗ ಅವನು. ನೀನು ಬರೆದವರನ್ನ ಅವರು ತಗೊಂಡಿದ್ದುಂಟಾ? ಒಬ್ಬನ ಹೆಸರು ಹೇಳು!”

ಹಾರ್ಲನ್ ಯೋಚಿಸುವಂತೆ ನಟಿಸಿದ. ಅಷ್ಟರಲ್ಲಿ ರೂತಾನ್‌ಳ ಅತ್ತೆ, ಪೋಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಬೈದು ಅಭ್ಯಾಸವಿಲ್ಲದ ಮುದುಕಿ, ಏದುಸಿರು ಬಿಡುತ್ತಾ ಒಳಗೆ ಬಂದಳು. ದೋಷ ಹೋಗಲೆಂದು ಮುಷ್ಟಿ ತುಂಬ ಉಪ್ಪು ತಂದಿದ್ದಳು. ಸ್ವಂತ ಭುಜದ ಹಿಂದಕ್ಕೆ ಎಸೆಯಬೇಕಾದ ಉಪ್ಪನ್ನು ಆವೇಶದಲ್ಲಿ ಮುಂದಕ್ಕೇ ಎಸೆದಳು. ಹಾರ್ಲನ್ ಕಣ್ಣುಜ್ಜಿಕೊಳ್ಳುತ್ತಾ, ಪ್ರದರ್ಶನಕ್ಕಿಟ್ಟ ಸಿಂಕಿನಲ್ಲಿ ಮುಖ ತೊಳೆಯಲು ಹೋದ. ಪ್ರದರ್ಶನಕ್ಕಿಟ್ಟ ನಲ್ಲಿಯಲ್ಲಿ ನೀರೆಲ್ಲಿಂದ ಬರಬೇಕು?

ಸದ್ದು ಕೇಳಿ ಎದುರುಗಡೆಯ ಅಂಗಡಿಯಿಂದ ಕಾರ್ಮೈನ್ ಓಡಿ ಬಂದ. ಬರುವಾಗ ಅರ್ಧ ಕ್ಷೌರವಾಗಿದ್ದ ಗಿರಾಕಿಯನ್ನೂ ಎಳೆದುಕೊಂಡು ಬಂದಿದ್ದ.

“ನೋಡೋ ಹಾರ್ಲನ್,” ಎಂದ ಕಾರ್ಮೈನ್. “ನೀನು ನನ್ನ ಸ್ನೇಹಿತ. ಆದ್ರೆ ಊರಿನ ಹುಡುಗನ ಬಾಳು ಅದಕ್ಕಿಂತ ದೊಡ್ಡದು. ಮಧ್ಯಾಹ್ನದ ರೇಡಿಯೋ ಕಾರ್ಯಕ್ರಮದಲ್ಲಿ ಹೋಗಿ, ‘ನನ್ನ ಮಾತು ವಾಪಸ್ಸು’ ಅಂತ ಹೇಳಿಬಿಡು.”

“ಹೇಳಿದ್ರೆ ನನ್ನ ಮೀಸೆ?”

“ಬೇರೆ ಯಾರ ಹೆಸರಾದ್ರೂ ಹೇಳು. ಅವನನ್ನ ತಗೊಂಡ್ರೆ ಮೀಸೆ ಉಳೀತು.”

“ತಗೊಳ್ಳೋದು ಡ್ಯಾನೀನೇ ಕಣಯ್ಯಾ! ನನಗೆ ಗೊತ್ತು!”

“ನಿನಗೆ ಗೊತ್ತಿರೋದೇ ನಮ್ಮ ಭಯ,” ಎಂದ ಅರ್ಧ ಕ್ಷೌರದ ಗಿರಾಕಿ.

ಹಾರ್ಲನ್ ಒಪ್ಪಲಿಲ್ಲ. ಎಷ್ಟೋ ವರ್ಷಗಳ ನಗೆಪಾಟಲಿಗೆ ಇವತ್ತು ಸಂಜೆ ಮಂಗಳ ಹಾಡುವ ಅವಕಾಶವನ್ನು ಯಾವ ಬುದ್ಧಿವಂತ ಬಿಟ್ಟುಕೊಡುತ್ತಾನೆ? ಆದರೆ ಊರು ಮನಸ್ಸು ಮಾಡಿದರೆ ಒಬ್ಬನ ಹಟ ಎಷ್ಟು ಹೊತ್ತು ನಿಂತೀತು? ಬೇಕರಿಯವಳು ಅವನ ಮುಖ ಕಂಡೊಡನೆ ಡೋನಟ್ ತಟ್ಟೆಯ ಮೇಲೆ ಬಟ್ಟೆ ಮುಚ್ಚಿದಳು. ಅಂಚೆಯವನು ಮಾತಾಡಿಸದೆ ಹೋದ. ಅಂಗಡಿಯ ಯಜಮಾನ ಅವನನ್ನು ಪಕ್ಕಕ್ಕೆ ಕರೆದು, “ಹಾರ್ಲನ್, ಬೆಳಗ್ಗೆಯಿಂದ ಒಂದು ಕಮೋಡೂ ಹೋಗಿಲ್ಲ. ನೀನಿರೋವರೆಗೂ ಒಳಗೆ ಬರಲ್ಲ ಅಂತಿದ್ದಾರಪ್ಪ ಜನ,” ಎಂದು ದೀನನಾಗಿ ಹೇಳಿದ. ಕೊನೆಗೆ ಮೇವಿಸ್ ಕೂಡ ಫೋನ್ ಮಾಡಿದಳು.

“ಹಾರ್ಲನ್, ರೂತಾನ್ ಇಲ್ಲಿ ನಮ್ಮ ಅಡುಗೆಮನೇಲಿ ಕೂತು ಅಳ್ತಿದ್ದಾಳೆ. ಆ ಮುದುಕಿ ಮನೆ ತುಂಬ ಉಪ್ಪು ಎರಚ್ತಿದ್ದಾಳೆ. ನೀನು ರೇಡಿಯೋಗೆ ಹೋಗ್ತೀಯೋ, ಇಲ್ಲ ಇವರಿಬ್ಬರನ್ನೂ ಇಲ್ಲೇ ಇಟ್ಟುಕೊಳ್ಳಲೋ?”

ಹಾರ್ಲನ್ ಸೋತ. ಕಾರ್ಮೈನ್ ಅವನ ತೋಳು ಹಿಡಿದು, ಎಲ್ಲಿ ತಪ್ಪಿಸಿಕೊಂಡಾನೋ ಎಂದು ಗಟ್ಟಿಯಾಗಿಯೇ ಹಿಡಿದು, ರೇಡಿಯೋ ನಿಲಯಕ್ಕೆ ಒಯ್ದ.

ನಿರೂಪಕ ಬಡ್ ಮೈಕನ್ನು ಅವನ ಮೂಗಿಗೆ ತಾಗುವಂತೆ ಒಡ್ಡಿದ. “ಕೇಳುಗರೇ, ಟ್ವಿಚೆಲ್ ಅವರು ಮಾತು ಹಿಂದಕ್ಕೆ ತಗೋತಿದ್ದಾರೆ! ಹೌದಲ್ವಾ ಸಾರ್?”

“ಹೌದು,” ಎಂದ ಹಾರ್ಲನ್, ಹಲ್ಲು ಕೀಳಿಸಿಕೊಳ್ಳುವವನ ಧ್ವನಿಯಲ್ಲಿ. “ಡ್ಯಾನಿ ಕೊವಾಲ್ಚಿಕ್‌ನ ಹೆರನ್ಸ್ ತಗೊಳ್ಳಲ್ಲ.”

“ಹಾಗಾದ್ರೆ ಯಾರನ್ನ ತಗೋತಾರೆ?”

ಹಾರ್ಲನ್‌ನ ತಲೆ ತೊಳೆದಿಟ್ಟ ಪಾತ್ರೆಯಂತೆ ಖಾಲಿಯಾಯಿತು. ತಿಂಗಳುಗಟ್ಟಲೆ ಬಾಯಿಪಾಠ ಮಾಡಿದ ಹೆಸರುಗಳಲ್ಲಿ ಒಂದೂ ನೆರವಿಗೆ ಬರಲಿಲ್ಲ. ಉಳಿದದ್ದು ಒಂದೇ, ನೆಬ್ರಾಸ್ಕಾದ ಯಾವುದೋ ಜೋಳದ ಹೊಲಗಳ ಊರಿನ, ಚೆಂಡು ಹಿಡಿಯುವ ಕ್ಯಾಚರ್ ಒಬ್ಬನ ಹೆಸರು. ಒಮ್ಮೆ ಓದಿದರೆ ಹಲಸಿನ ಮೇಣದಂತೆ ಅಂಟಿಕೊಳ್ಳುವ ಹೆಸರು ಅದು. ಆ ಹುಡುಗನನ್ನು ಮೊದಲ ಸುತ್ತಿನಲ್ಲಿರಲಿ, ಹತ್ತನೆಯ ಸುತ್ತಿನಲ್ಲೂ ಯಾರೂ ಕೇಳುವಂತಿರಲಿಲ್ಲ.

“ಎಜ್ರಾ ಪಿಕಲ್ಸೈಮರ್,” ಎಂದ ಹಾರ್ಲನ್.

ಬಡ್ ಮೈಕನ್ನು ತನ್ನ ಕಡೆಗೆ ಎಳೆದುಕೊಂಡ. “ಅದು ಮನುಷ್ಯನ ಹೆಸರಾ ಸಾರ್?”

ಹೊರಗೆ ಬಂದಾಗ ಊರೇ ಬದಲಾಗಿತ್ತು. ಬೇಕರಿಯವಳು ಕರೆದು ಡೋನಟ್ ಕೊಟ್ಟಳು. ಮುದುಕಿ ಎರಡೂ ಕೆನ್ನೆಗೆ ಮುತ್ತಿಟ್ಟಳು. ರೂತಾನ್ ಬೆಣ್ಣೆಯಲ್ಲಿ ಈರುಳ್ಳಿ ಹುರಿದು ಸುರಿದ ಪಿರೋಗಿಯ ದೊಡ್ಡ ತಟ್ಟೆಯನ್ನೇ ಕ್ಷೌರದಂಗಡಿಗೆ ತಂದು ಅವನ ಮುಂದಿಟ್ಟಳು. ಹಾರ್ಲನ್ ತಿಂದ. ಆದರೆ ಒಂದೊಂದು ತುತ್ತಿಗೂ ಅವನ ಮೀಸೆ ಬೆಣ್ಣೆಯಲ್ಲಿ ಅದ್ದಿ ಮೇಲೆದ್ದಾಗ, ‘ಇವತ್ತೇ ಕೊನೆ’ ಎಂದು ಅದನ್ನು ಬೆರಳಿನಿಂದ ನೇವರಿಸಿಕೊಳ್ಳುತ್ತಿದ್ದ.

“ಕಾರ್ಮೈನ್,” ಎಂದ ಮೆಲ್ಲಗೆ, “ಒಂದು ವೇಳೆ ಡ್ಯಾನೀನೇ ಆರಿಸಿದ್ರೆ, ಬೆಳಗ್ಗೆ ಪತ್ರಿಕೇಲಿ ಬರೆದಿದ್ದು ಲೆಕ್ಕಕ್ಕೆ ಬರುತ್ತಲ್ಲ?”

“ವಾಪಸ್ ತಗೊಂಡೆಯಲ್ಲಪ್ಪ, ಇಡೀ ಊರು ಕೇಳಿದೆ. ಉಗುಳಿದ್ದನ್ನ ಮತ್ತೆ ನುಂಗೋಕಾಗುತ್ತಾ?”

“ನೀವೇ ಅಲ್ವೇನೋ ಉಗುಳಿಸಿದ್ದು!”

“ನ್ಯಾಯ ನ್ಯಾಯಾನೇ,” ಎಂದ ಕಾರ್ಮೈನ್, ಕತ್ತಿಯನ್ನು ಚರ್ಮದ ಪಟ್ಟಿಗೆ ಸವರುತ್ತಾ.

ಸಂಜೆ ಕ್ಷೌರದಂಗಡಿಯ ಟೀವಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ರೂತಾನ್ ಜಪಸರ ಹಿಡಿದಿದ್ದಳು. ಡ್ಯಾನಿ ಗೋಡೆಗೊರಗಿ ಬಿಳಿಚಿಕೊಂಡು ನಿಂತಿದ್ದ. ಹಾರ್ಲನ್‌ಗೆ ಮರ್ಯಾದೆಯಿಂದ ಕ್ಷೌರದ ಕುರ್ಚಿಯನ್ನೇ ಬಿಟ್ಟುಕೊಟ್ಟಿದ್ದರು. ಒಂದೊಂದೇ ತಂಡದ ಸರದಿ ಮುಗಿದು ಕೊನೆಗೆ ಕೋಟು ಹಾಕಿದ ಮನುಷ್ಯನೊಬ್ಬ ಚೀಟಿ ಹಿಡಿದು ವೇದಿಕೆಗೆ ಬಂದ.

“ಪೋರ್ಟ್ ಹೇವರ್ಲಿ ಹೆರನ್ಸ್ ಆರಿಸಿಕೊಳ್ಳುವ ಆಟಗಾರ, ಎಡಗೈ ಪಿಚರ್, ಡ್ಯಾನಿ ಕೊವಾಲ್ಚಿಕ್!”

ಮುಂದೆ ಯಾರು ಯಾರನ್ನು ತಬ್ಬಿಕೊಂಡರೋ ದೇವರೇ ಬಲ್ಲ. ರೂತಾನ್ ಅಳುತ್ತಾ ನಗುತ್ತಾ ಮಗನ ಕೊರಳಿಗೆ ಬಿದ್ದಳು. ಮುದುಕಿ ಉಳಿದಿದ್ದ ಉಪ್ಪನ್ನೆಲ್ಲ ಸಂತೋಷಕ್ಕೆ ಎರಚಿದಳು. ಹಾರ್ಲನ್ ಕೂಡ ಕುರ್ಚಿಯ ಮೇಲೆ ಎದ್ದು ನಿಂತು, “ಹೇಳಿದ್ನಲ್ಲಾ! ಬೆಳಗ್ಗೇನೇ ಬರೆದಿದ್ನಲ್ಲಾ!” ಎಂದು ಕೂಗಿದ. ಯಾರ ಕಿವಿಗೂ ಬೀಳಲಿಲ್ಲ. ಕಾರ್ಮೈನ್ ಅವನ ಭುಜ ಒತ್ತಿ ಕೂರಿಸಿ, ಕೊರಳಿಗೆ ಬಟ್ಟೆ ಕಟ್ಟಿ, ನೊರೆ ಹಚ್ಚಿದ.

ಮೀಸೆ ಎರಡೇ ಎಳೆತಕ್ಕೆ ಹೋಯಿತು. ಕನ್ನಡಿಯಲ್ಲಿ ಸೋದರತ್ತೆ ಹಾರ್ಲನ್‌ನನ್ನು ಕನಿಕರದಿಂದ ನೋಡಿದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಗ ಹೊರಗೆ ಉದ್ದನೆಯ ಕಾರೊಂದು ನಿಂತಿತು. ಚಾಲಕ ಇಳಿದು ಬಂದು, ಶ್ರೀಮತಿ ಹಾರ್ನ್‌ಬಕಲ್ ಟ್ವಿಚೆಲ್ ಅವರನ್ನು ಕರೆಯುತ್ತಿದ್ದಾರೆಂದ. ಹಾರ್ಲನ್ ಬೋಳು ತುಟಿ ಮುಚ್ಚಿಕೊಂಡು ಕಾರಿನೊಳಗೆ ಕೂತ. ಒಡತಿ ತಲೆಯ ಹಸಿರು ಟೋಪಿಯನ್ನು ಸರಿಮಾಡಿಕೊಂಡು ಅವನನ್ನು ದುರುಗುಟ್ಟಿ ನೋಡಿದರು.

“ಟ್ವಿಚೆಲ್, ನಿಜ ಹೇಳಿ. ನಮ್ಮ ಆಫೀಸಿನಲ್ಲಿ ನಿಮ್ಮ ಗೂಢಚಾರ ಯಾರು?”

“ಗೂಢಚಾರನಾ? ಮೇಡಂ, ನಾನು ಕಮೋಡು ಮಾರೋನು.”

“ಪ್ರತಿ ವರ್ಷ ನಮ್ಮವರು ಚಳಿಗಾಲದಿಂದ ತಲೆ ಕೆಡಿಸಿಕೊಂಡು ಒಬ್ಬ ಹುಡುಗನ್ನ ಆರಿಸ್ತಾರೆ. ಡ್ರಾಫ್ಟ್ ದಿನ ಬೆಳಗ್ಗೆ ‘ಬೀಕನ್’ ತೆಗೆದ್ರೆ ಅದೇ ಹೆಸರು, ನಿಮ್ಮ ಅಂಕಣದಲ್ಲಿ! ಹಾಗೆ ಬಾಯಿಬಿಟ್ಟು ಆಡಿದ ಮೇಲೆ ಆ ಹುಡುಗನ್ನ ತಗೊಳ್ಳೋಕಾಗುತ್ತಾ? ಕೆಟ್ಟ ಶಕುನ. ಕೊನೇ ಗಳಿಗೇಲಿ ಬೇರೆ ಯಾರನ್ನಾದ್ರೂ ಹಿಡೀತೀನಿ.”

ಹಾರ್ಲನ್‌ನ ಬಾಯಿ ತೆರೆದುಕೊಂಡಿತು. “ಅಂದ್ರೆ, ಇಷ್ಟು ವರ್ಷ ನಾನು ಬರೆದಿದ್ದೆಲ್ಲ ಸರಿಯಾಗಿತ್ತಾ?”

“ಒಂದೂ ತಪ್ಪಿರಲಿಲ್ಲ. ಈ ವರ್ಷವೂ ಡ್ಯಾನಿ ಅಂತಲೇ ಇತ್ತು. ಪತ್ರಿಕೆ ನೋಡಿ ಅವನನ್ನ ಕೈಬಿಟ್ಟೆ. ಈ ಮನುಷ್ಯನ ಬಾಯಿಗೆ ಯಾವತ್ತೂ ಬಾರದಂಥ ಹೆಸರು ಬೇಕು ಅಂತ ಹುಡುಕಿ ಹುಡುಕಿ, ಆ ಪಿಕಲ್ಸೈಮರ್‌ನ ನಿಶ್ಚಯ ಮಾಡಿದೆ. ಕೋಣೇಲಿ ನಾನೊಬ್ಬಳೇ ಇದ್ದೆ. ಯಾರಿಗೂ ಹೇಳಿರಲಿಲ್ಲ. ಮಧ್ಯಾಹ್ನ ರೇಡಿಯೋ ಹಾಕಿದ್ರೆ...” ಒಡತಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. “ಅವನ ಕಥೆಯೂ ಕೆಟ್ಟಿತು. ಪುಣ್ಯಕ್ಕೆ ಡ್ಯಾನಿ ಮಾತನ್ನ ನೀವು ವಾಪಸ್ ತಗೊಂಡಿದ್ರಿ, ದೋಷ ಕಳೆದಿತ್ತು.”

ಹಾರ್ಲನ್‌ಗೆ ಆನೆಯ ಬಲ ಬಂದಿತು. “ಮೇಡಂ, ಒಳಗೆ ಬಂದು ಈ ಮಾತು ಹೇಳಿ! ಒಂದೇ ಒಂದು ಸಲ!”

“ಹೇಳಿ? ಪತ್ರಿಕೆಗೆ ಹೆದರಿ ಆಟಗಾರರನ್ನ ಬಿಟ್ಟ ಮುದುಕಿ ಅಂತ ನಗಿಸಿಕೊಳ್ಳಲಾ? ಬೇಕಾದ್ರೆ ನೀವೇ ಹೇಳ್ಕೊಳ್ಳಿ. ಆ ಹುಡುಗರೆಲ್ಲ ಈಗ ಎಲ್ಲೆಲ್ಲಿ ಆಡ್ತಿದ್ದಾರೆ ಅನ್ನೋದನ್ನೂ ಸೇರಿಸಿ ಹೇಳಿ.”

ಕಾರು ಹೊರಟುಹೋಯಿತು. ಹಾರ್ಲನ್ ಎದೆಯುಬ್ಬಿಸಿಕೊಂಡು ಅಂಗಡಿಯೊಳಗೆ ಬಂದ. ಎಲ್ಲರನ್ನೂ ಸುಮ್ಮನಿರಿಸಲು ಕೈಯೆತ್ತಿದವನಿಗೆ, ಒಡತಿಯ ಕೊನೆಯ ಮಾತು ಆಗ ತಲೆಗೆ ಹೋಯಿತು. ತಾನು ಬರೆದ ಆ ಹುಡುಗರು! ಒಬ್ಬೊಬ್ಬರೂ ಬೇರೆ ಬೇರೆ ಊರಿನ ತಂಡಗಳಲ್ಲಿ ಮೆರೆಯುತ್ತಿದ್ದರು. ಪ್ರತಿ ಬೇಸಿಗೆಯಲ್ಲೂ ಬಂದು ಕೊಕ್ಕರೆಗಳ ಪುಕ್ಕ ಕಿತ್ತು ಹೋಗುತ್ತಿದ್ದವರು ಅವರೇ. ಅವರಷ್ಟೂ ಜನ ಈ ಊರಿಗೆ ಬರಬೇಕಾದವರು. ತಪ್ಪಿಸಿದ್ದು ತಾನೇ.

ಅದೇ ಹೊತ್ತಿಗೆ ಕಾರ್ಮೈನ್ ಬಿಯರ್ ಎತ್ತಿ ಹಿಡಿದು ಘೋಷಿಸಿದ: “ಇವತ್ತಿಂದ ನಮ್ಮ ದೆಸೆ ತಿರುಗಿತು! ಇಷ್ಟು ವರ್ಷ ನಮ್ಮ ತಂಡಾನ ಸೋಲಿಸಿದ ಆ ದರಿದ್ರ ಯಾರು ಅಂತ ಗೊತ್ತಾದ್ರೆ, ಈ ಕತ್ತಿ ಮೀಸೆಗೆ ನಿಲ್ಲಲ್ಲ, ನೋಡ್ತಾ ಇರಿ!”

ಎಲ್ಲರೂ ಹೋ ಎಂದು ಕೂಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದವಳು ರೂತಾನ್. ಹಾರ್ಲನ್ ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿದ.

“ಏನೋ ಹೇಳೋಕೆ ಬಂದೆಯಲ್ಲ?” ಎಂದ ಕಾರ್ಮೈನ್. “ಮೇಡಂ ಏನಂದ್ರು?”

“ಮೀಸೆ ಇಲ್ಲದೇನೇ ಲಕ್ಷಣವಾಗಿ ಕಾಣ್ತೀನಂತೆ,” ಎಂದ ಹಾರ್ಲನ್.

ಎಂದಿನಂತೆ ಅವನ ಮಾತನ್ನು ಯಾರೂ ನಂಬಲಿಲ್ಲ.