ಐದು ಗಂಟೆಯೊಳಗೆ ಮೆತ್ತಗಾಗಬೇಕಿದ್ದ ಬ್ರಷ್ಷು

"ಅಯ್ಯಯ್ಯೋ, ಇದು ಬ್ರಷ್ಷೋ ಪೊರಕೆಯೋ? ಕೆನ್ನೆ ಗುಡಿಸ್ತಾ ಇದ್ದೀಯಲ್ಲಣ್ಣಾ!" ಎಂದು ಕುರ್ಚಿಯಲ್ಲಿ ಕೂತಿದ್ದ ಪಕ್ಕದಂಗಡಿಯ ದರ್ಜಿ ಕಿರುಚಿದ.

"ಬಾಯ್ಮುಚ್ಚು. ಇದೆಲ್ಲ ಯಾರ ಪುಣ್ಯ?" ಎಂದ ಕ್ಷೌರಿಕ.

ಪುಣ್ಯ ದರ್ಜಿಯದೇ. ನಿನ್ನೆ ಹೇಳದೆ ಕೇಳದೆ ಹಳೆಯ ಬ್ರಷ್ಷನ್ನು ಒಯ್ದು, ಸೀಮೆಎಣ್ಣೆಯಲ್ಲಿ ಅದ್ದಿ ಹೊಲಿಗೆ ಮಷಿನ್ ತೊಳೆದಿದ್ದ. ಸಂಜೆ ವಾಪಸು ಬಂದದ್ದು ಬರೀ ಹಿಡಿ. ಕೂದಲು ಪೊಟ್ಟಣದಲ್ಲಿ ಬೇರೆ. ಹದಿನೆಂಟು ವರ್ಷ ನೆನೆದು, ಒಣಗಿ, ತುದಿ ಸೀಳಿ, ಹಸುಗೂಸಿನ ತಲೆಯಷ್ಟು ಮೆತ್ತಗಾಗಿದ್ದ ಬ್ರಷ್ಷು ಅದು. ಎದುರುಗಡೆ ಫ್ಯಾನು, ಕನ್ನಡಿಗಳಿರುವ ಹೊಸ ಕ್ಷೌರದಂಗಡಿ ಬಂದ ಮೇಲೂ ನಿವೃತ್ತ ಹೆಡ್ಮೇಷ್ಟ್ರು ಇಲ್ಲಿಗೇ ಬರುತ್ತಿದ್ದುದು ಅದರ ಸುಖಕ್ಕೇ ಎಂದು ಕ್ಷೌರಿಕ ನಂಬಿದ್ದ. ಅವರು ರಸ್ತೆ ದಾಟಿದರೆ ಉಳಿದ ನಾಲ್ವರು ಮುದುಕರೂ ದಾಟುತ್ತಾರೆ. ಆಮೇಲೆ ಅಂಗಡಿಗೆ ಬೀಗವೇ ಗತಿ.

ಇವತ್ತು ಬೆಳಿಗ್ಗೆ ಕೊಂಡು ತಂದ ಹಂದಿಕೂದಲಿನ ಹೊಸ ಬ್ರಷ್ಷು ಪಳಗಲು ತಿಂಗಳುಗಟ್ಟಲೆ ಬೇಕು. ಮೇಷ್ಟ್ರು ಬರುವುದು ಐದಕ್ಕೆ.

ಕ್ಷೌರಿಕ ಅದನ್ನು ಬಿಸಿನೀರಲ್ಲಿ ನೆನೆಸಿದ. ಅಂಗಡಿ ತುಂಬ ಒದ್ದೆ ಪ್ರಾಣಿಯ ವಾಸನೆ. ಅಂಗೈಯಲ್ಲಿ ನೊರೆ ಎಬ್ಬಿಸಿದ, ಹಿಂಡಿದ, ದರ್ಜಿ ತಂದುಕೊಟ್ಟ ಒರಟು ಕೋಟುಬಟ್ಟೆಯ ಮೇಲೆ ಉಜ್ಜಿದ.

"ಅಂಗೈಗೇನು ಗೊತ್ತಾಗುತ್ತೆ? ಕೆನ್ನೆಗೇ ತಿಕ್ಕಬೇಕು," ಎಂದ ದರ್ಜಿ.

"ಸರಿ, ಕೂತ್ಕೋ."

"ನನ್ನ ಕೆನ್ನೆ ಆಗ್ಲೇ ಹರಿದ ಕಾಲರ್ ಆಗಿದೆ. ನಿನಗಿಲ್ವಾ ಕೆನ್ನೆ?"

ಕ್ಷೌರಿಕ ಊಟ ಬಿಟ್ಟು ತನ್ನ ಮುಖಕ್ಕೇ ತಿಕ್ಕಿಕೊಂಡ, ನಲವತ್ತು ಸಲ. ನಾಲ್ಕೂವರೆಗೆ ಕನ್ನಡಿಯಲ್ಲಿ ಕಂಡದ್ದು ಸುಲಿದ ಬೀಟ್‌ರೂಟು. ಆದರೆ ಬ್ರಷ್ಷು ಸೋತಿತ್ತು.

ಮೇಷ್ಟ್ರು ಬಂದರು, ಕಣ್ಣು ಮುಚ್ಚಿ ಕೂತರು. ಕ್ಷೌರಿಕ ನೊರೆ ಹಚ್ಚಿದ.

"ಮೆತ್ತಗಿದೆ," ಎಂದರು ಮೇಷ್ಟ್ರು.

"ಹೌದು ಮೇಷ್ಟ್ರೇ!"

"ಥೇಟ್ ಹಳೇದರ ಹಾಗೇ."

"ಹಾಗೇ ಮೇಷ್ಟ್ರೇ!"

ಮೇಷ್ಟ್ರು ನಿಟ್ಟುಸಿರು ಬಿಟ್ಟರು. "ಹೊಸ ಬ್ರಷ್ಷು ತಂದಿದ್ದೀಯ, ಮೈಯೆಲ್ಲ ಮುಳ್ಳು ಅಂತ ದರ್ಜಿ ಹೇಳಿದ. ಆಸೆಯಿಂದ ಬಂದೆ ಕಣಯ್ಯಾ. ನನ್ನದು ಒರಟು ಗಡ್ಡ, ಚುರುಚುರು ಅಂತ ತಿಕ್ಕದಿದ್ರೆ ಕೂದಲು ಏಳೋದೇ ಇಲ್ಲ. ನೀನು ನೊಂದ್ಕೋತೀಯ ಅಂತ ಹದಿನೆಂಟು ವರ್ಷ ಆ ಸತ್ತ ಇಲಿಯನ್ನ ಸಹಿಸ್ಕೊಂಡೆ. ಇನ್ನು ಆಗಲ್ಲಪ್ಪ."

"ಮೇಷ್ಟ್ರೇ, ಬೆಳಿಗ್ಗೆ ಬಂದಿದ್ರೆ..."

"ಬೆಳಿಗ್ಗೆ ಏನಿತ್ತು?"

ಕ್ಷೌರಿಕ ಉರಿಯುವ ಕೆನ್ನೆ ಮುಟ್ಟಿಕೊಂಡ. ಮೇಷ್ಟ್ರು ನೊರೆಯನ್ನೂ ಒರೆಸಿಕೊಳ್ಳದೆ ರಸ್ತೆ ದಾಟಿದರು.

ದರ್ಜಿ ಬಾಗಿಲಲ್ಲಿ ಇಣುಕಿದ. "ಅಣ್ಣಾ, ಅದು ಇನ್ನು ನಿನಗೆ ಬೇಡ ಅಂದ್ರೆ... ಮಷಿನ್‌ಗೆ ಇಂಥ ಮೆತ್ತಗಿಂದೇ ಸರಿ."

ಕ್ಷೌರಿಕ ಬ್ರಷ್ಷಿನ ನೀರು ಕೊಡವಿ ಅವನ ಕೈಗಿಟ್ಟ. ಎದುರು ಅಂಗಡಿಯಲ್ಲಿ ಫ್ಯಾನು ತಿರುಗತೊಡಗಿತು.