ದಿನಾ ಖಾಲಿಯಾಗಿ ಬಂದ ಸ್ಟೀಲ್ ಡಬ್ಬಿಯವರಿಗೆ

ಮೂರು ಖಾನೆ, ಎರಡು ಕ್ಲಿಪ್ಪು, ಒಂದು ಮುಚ್ಚಳದಿಂದ ಶೋಭಿಸುತ್ತ, ಸೇಡಂನ ನಮ್ಮ ಮನೆಯ ಶಹಾಬಾದ್ ಕಲ್ಲಿನ ಅಡಿಗೆಕಟ್ಟೆಯ ಮೇಲೆ ಪ್ರತಿ ಸಂಜೆ ಬೋರಲಾಗಿ ವಿಶ್ರಮಿಸುವ ಶ್ರೀ ಸ್ಟೀಲ್ ಡಬ್ಬಿಯವರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಅಂಚು ಎಂದೂ ನೆಗ್ಗದಿರಲಿ, ತಮ್ಮ ಮುಚ್ಚಳ ಶಾಲೆಯಲ್ಲಿ ಕಳೆದುಹೋಗದಿರಲಿ ಎಂದು ಮೊದಲಿಗೆ ಹಾರೈಸಿ, ಏಳನೆಯ ತರಗತಿಯಲ್ಲಿ ಓದುವ ನನ್ನ ಮಗಳು ಐಶ್ವರ್ಯಳ ಮಧ್ಯಾಹ್ನದ ಊಟವನ್ನು ಹೊತ್ತೊಯ್ಯುವ ತಮ್ಮ ಮೇಲೆ ಈ ದೂರನ್ನು ವಿನಯದಿಂದ ಸಲ್ಲಿಸುತ್ತಿದ್ದೇನೆ. ಬಹಿರಂಗವಾಗಿ ಏಕೆ ಬರೆದಿರಿ ಎಂದು ತಾವು ನೊಂದುಕೊಳ್ಳಬಾರದು. ಖಾಸಗಿಯಾಗಿ ಕೇಳಿದಾಗ ತಾವು ಠಣ್ ಎಂದಿರೇ ಹೊರತು ಬೇರೇನೂ ಹೇಳಲಿಲ್ಲ.

ಶಾಲೆ ಶುರುವಾದ ವಾರ ಡಾಕ್ಟರು ಐಶ್ವರ್ಯಳ ರಕ್ತದ ವರದಿ ನೋಡಿ ಕನ್ನಡಕ ತೆಗೆದದ್ದು ತಮಗೂ ಗೊತ್ತು, ಅಂದು ತಾವು ನನ್ನ ಕೈಚೀಲದಲ್ಲೇ ಇದ್ದಿರಿ. “ಅಕ್ಕೋರೆ, ಈ ವಯಸ್ಸಿಗೆ ಸಕ್ರಿ ಇಷ್ಟು ಏರಬಾರ್ದು. ಅನ್ನ, ಬಿಸ್ಕೀಟು ಕಡಿಮಿ ಮಾಡ್ರಿ, ಕಾಳು, ಪಲ್ಯ ಹೆಚ್ಚು ಕೊಡ್ರಿ. ಮೂರು ತಿಂಗಳಾದ ಮ್ಯಾಲ ಮತ್ತ ನೋಡೋಣ್ರಿ” ಎಂದರು. ಆ ಮೂರು ತಿಂಗಳನ್ನು ನಾನು ತಮ್ಮ ಮೂರು ಖಾನೆಗಳಲ್ಲಿ ನಂಬಿ ಇಟ್ಟೆ.

ಮೊದಲು ಮೊಬೈಲಿನಲ್ಲಿ ಹುಡುಕಿದೆ. ಅದು ಬಾದಾಮಿ ಹಿಟ್ಟಿನ ರೊಟ್ಟಿ ಮಾಡು ಎಂದಿತು. ಕಿರಾಣಿ ಅಂಗಡಿಯ ಸೂರ್ಯಕಾಂತ ಅವರನ್ನು ಕೇಳಿದರೆ, “ಬಾದಾಮಿ ಹಿಟ್ಟಾ? ಮಾರಿಗೆ ಹಚ್ಕೊಳ್ಳಾಕೇನ್ರೀ ಅಕ್ಕೋರೆ?” ಎಂದು ನನ್ನ ಮುಖವನ್ನು ಅನುಕಂಪದಿಂದ ನೋಡಿ, ಒಂದು ಕಿಲೋ ಕಡಲೆಹಿಟ್ಟು ಕಟ್ಟಿಕೊಟ್ಟರು. ನಮ್ಮ ಕೈಗೆಟಕುವ ಜ್ಞಾನೋದಯ ಅದೇ ಆಗಿತ್ತು. ಅಂದಿನಿಂದ ಮೊದಲ ಖಾನೆಯಲ್ಲಿ ಆ ಹಿಟ್ಟನ್ನು ಖಾರವಾಗಿ ಕುದಿಸಿ ಹರವಿ ಕತ್ತರಿಸಿದ ಝುಣಕದ ವಡಿ, ಎರಡನೆಯದರಲ್ಲಿ ಮೊಳಕೆ ಬಂದ ಮಡಿಕೆ ಕಾಳಿನ ಉಸಳಿ, ಮೂರನೆಯದರಲ್ಲಿ ಸೌತೆಕಾಯಿ ಪಚಡಿಯ ಮೇಲೆ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ಬೆಳಿಗ್ಗೆ ಐದಕ್ಕೆ ಎದ್ದು, ವಾಡಿ ಊರಿಗೆ ಕೆಲಸಕ್ಕೆ ಹೋಗುವ ಯಜಮಾನರಿಗೆ ರೊಟ್ಟಿ ತಟ್ಟುವ ಸದ್ದಿನ ನಡುವೆ, ಒಂದೊಂದು ವಡಿಯನ್ನೂ ಒಂದೊಂದು ದ್ವಿಪದಿಯಂತೆ ಜೋಡಿಸುತ್ತಿದ್ದೆ.

ಮತ್ತು ತಾವು, ಮಹನೀಯರೇ, ಪ್ರತಿ ಸಂಜೆ ಖಾಲಿಯಾಗಿ ಬಂದಿರಿ! ಬರೀ ಖಾಲಿಯಲ್ಲ, ಶಾಲೆಯ ನಳದಲ್ಲಿ ತೊಳೆದು, ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತ ಬಂದಿರಿ. ಕನ್ನಡ ಎಂ.ಎ. ಓದಿದ ನಾನು ಆ ಖಾಲಿತನದಲ್ಲಿ ಬಯಲನ್ನು ಕಂಡೆ, ಶೂನ್ಯವನ್ನು ಕಂಡೆ, ಒಂದು ಸಂಜೆಯಂತೂ ತಮ್ಮನ್ನು ಎದೆಗವಚಿಕೊಂಡು ಕಣ್ಣು ಒದ್ದೆ ಮಾಡಿಕೊಂಡೆ. ಅಂಥ ಹೊತ್ತಿನಲ್ಲಾದರೂ ತಾವು ಒಂದು ಮಾತು ಆಡಬಹುದಿತ್ತು.

ಕಳೆದ ವಾರ ರಕ್ತ ಪರೀಕ್ಷೆಯ ವರದಿ ತರಲು ಹೋದಾಗ ಐಶ್ವರ್ಯಳ ಶಾಲೆಯ ಗಣಿತದ ನಾಗೇಂದ್ರಪ್ಪ ಮಾಸ್ತರು ಅವರದೇ ರಕ್ತದ ವರದಿ ಹಿಡಿದು ಅಲ್ಲಿಯೇ ನಿಂತಿದ್ದರು. ನನ್ನನ್ನು ಕಂಡದ್ದೇ ಎರಡೂ ಕೈ ಮುಗಿದು, “ನಿಮ್ಮ ಕೈಗುಣ ದೊಡ್ಡದದ್ರಿ ಅಕ್ಕೋರೆ! ಮೂರು ತಿಂಗಳು ನಿಮ್ಮ ಝುಣಕದ ವಡಿ ತಿಂದು ನನ್ನ ಶುಗರ್ ಎಷ್ಟು ಇಳದದ ನೋಡ್ರಿ!” ಎಂದರು. ನನ್ನ ಕೈಯಲ್ಲಿದ್ದ ಐಶ್ವರ್ಯಳ ವರದಿಯಲ್ಲಿ ಸಕ್ಕರೆ ಜೂನ್ ತಿಂಗಳಲ್ಲಿ ಎಲ್ಲಿತ್ತೋ ಅಲ್ಲೇ ಕಾಲು ಚಾಚಿ ಕೂತಿತ್ತು. ಮಾಸ್ತರು ಅದನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಗೋಡೆಯ ಕ್ಯಾಲೆಂಡರನ್ನು ಬಹಳ ಹೊತ್ತು ನೋಡಿದರು.

ಮನೆಯಲ್ಲಿ ವಿಚಾರಣೆ ನಡೆಯಿತು. ಮೊದಲ ದಿನ ಮಾಸ್ತರು ಆಸೆಯಿಂದ ನೋಡಿದರಂತೆ, ಇವಳು ಒಂದು ವಡಿ ಕೊಟ್ಟಳಂತೆ. ಮರುದಿನ ಪೂರ್ತಿ ಡಬ್ಬಿಯನ್ನೇ ಮುಂದೆ ಹಿಡಿದಳಂತೆ. ಬೇರೆಯವರ ಪಾತ್ರೆಯನ್ನು ಖಾಲಿ ತಿರುಗಿಸಬಾರದಲ್ಲ, ಮಾಸ್ತರು ದಿನಾ ಡಬ್ಬಿಯವರಾದ ತಮ್ಮೊಳಗೆ ಅವರ ಮನೆಯ ಡಬ್ಬಿಯಲ್ಲಿದ್ದ ಸಿಹಿ, ಅಂದರೆ ಮಾದಲಿ, ಸಜ್ಜಕ, ಶೇಂಗಾ ಹೋಳಿಗೆ ತುಂಬಿ ಕೊಟ್ಟರಂತೆ. ಅದನ್ನು ಇವಳು ತಿಂದು, ತೊಳೆದು ತಂದಳಂತೆ. ನಾನು ಗದರಿದರೆ ಸೊಂಟದ ಮೇಲೆ ಕೈಯಿಟ್ಟು, “ಖಾಲಿ ಡಬ್ಬಿ ತಿರುಗಿ ಕೊಡಬಾರ್ದು ಅಂತ ನೀನೇ ಕಲಿಸಿದ್ದಿ ಅಲ್ಲ ಅವ್ವ? ಅವರು ಕೊಟ್ಟಿದ್ದು ನಾ ಚೆಲ್ಲಬೇಕಿತ್ತೇನು?” ಎಂದಳು. ನನ್ನ ಅತ್ತೆ ನನಗೆ ಕಲಿಸಿದ್ದು, ನಾನು ಇವಳಿಗೆ ಕಲಿಸಿದ್ದು. ಮೇಲ್ಮನವಿಗೆ ಜಾಗವೇ ಇರಲಿಲ್ಲ.

ಸಿಟ್ಟು ಹೊತ್ತುಕೊಂಡೇ ಮಾಸ್ತರ ಮನೆಗೆ ಹೋದೆ. ಅವರ ಹೆಂಡತಿ, ಚಿಂಚೋಳಿ ತವರಿನ ರತ್ನಾಬಾಯಿ, ವಿಷಯ ಕೇಳಿ ಹಣೆ ಬಡಿದುಕೊಂಡರು. “ಅಯ್ಯ ಶಿವನೇ! ಇವರಿಗಿ ಶುಗರ್ ಅದ ಅಂತ ನಂಗ್ಯಾರು ಹೇಳ್ಯಾರ್ರೀ? ಡಬ್ಬಿ ದಿನಾ ಖಾಲಿ ಬರ್ತಿತ್ತು, ಭಾಳ ಸೇರ್ತದ ಅಂತ ಇನ್ನಷ್ಟು ಬೆಲ್ಲ ಹಾಕ್ದೆ!” ಎಂದರು. ಒಂದೇ ಊರಿನ ಎರಡು ಖಾಲಿ ಡಬ್ಬಿಗಳು ಇಬ್ಬರು ಹೆಂಗಸರನ್ನು ಮೂರು ತಿಂಗಳು ಆಳಿದ್ದವು. ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕದ್ದು ಒಳಗಿದ್ದ ಮಾಸ್ತರಿಗೆ ಕೇಳಿಸಿರಬೇಕು, ಅವರು ಹೊರಗೆ ಬರಲಿಲ್ಲ. ಹೊರಡುವಾಗ ರತ್ನಾಬಾಯಿ ನನ್ನನ್ನೂ ಬರಿಗೈಯಲ್ಲಿ ಬಿಡದೆ, ಸೆರಗಿಗೆ ಒಂದು ಸೇರು ಮಡಿಕೆ ಕಾಳು ಸುರಿದರು. ಈಗ ವಾರದಲ್ಲಿ ಮೂರು ದಿನ ನಾನು ಐಶ್ವರ್ಯ, ಮಾಸ್ತರು ಇಬ್ಬರಿಗೂ ವಡಿ ಮಾಡುತ್ತೇನೆ, ಮೂರು ದಿನ ಅವರು ಇಬ್ಬರಿಗೂ ಉಸಳಿ ಮಾಡುತ್ತಾರೆ. ಪಾತ್ರೆಗಳು ತುಂಬಿಯೇ ತಿರುಗುತ್ತಿವೆ, ಒಳಗೆ ಬೆಲ್ಲವಿಲ್ಲ.

ಆದ್ದರಿಂದ ಮಾನ್ಯರಲ್ಲಿ ನನ್ನ ಕೋರಿಕೆಗಳು ಅತ್ಯಲ್ಪ. ಹೋಳಿಗೆ ಒಳಗೆ ಬಂದ ಕೂಡಲೇ ತಾವು ವಾಡಿಯ ರೈಲ್ವೆ ಗೇಟಿನ ಗಂಟೆಯಂತೆ ಚಿತ್ತಾಪುರಕ್ಕೂ ಕೇಳಿಸುವಂತೆ ಮೊಳಗಬೇಕು, ಅಪರಿಚಿತ ಬೆರಳು ತಗುಲಿದರೆ ಕ್ಲಿಪ್ಪಿನಿಂದ ಮೆಲ್ಲಗೆ ಕಚ್ಚಬೇಕು, ಸಜ್ಜಕ ಕಂಡರೆ ನಾಚಿ ತಾಮ್ರದ ಬಣ್ಣಕ್ಕೆ ತಿರುಗಬೇಕು. ಇವು ಕಷ್ಟವೆನಿಸಿದರೆ ಒಂದೇ ಸಾಕು, ನಿನ್ನೆ ಬಂದಂತೆ ಬನ್ನಿ. ನಿನ್ನೆ ತಮ್ಮೊಳಗೆ ಅರ್ಧ ಕಚ್ಚಿದ ಒಂದು ವಡಿ ಉಳಿದಿತ್ತು. ಅದರ ಅಂಚಿನಲ್ಲಿ ಐಶ್ವರ್ಯಳ ಮುಂದಿನ ಸೊಟ್ಟ ಹಲ್ಲಿನ ಗುರುತು ಸ್ಪಷ್ಟವಾಗಿ ಮೂಡಿತ್ತು. ಹಿಂದಾದರೆ ಉಳಿಸಿದಳಲ್ಲ ಎಂದು ಬೈಯುತ್ತಿದ್ದೆ. ನಿನ್ನೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಅಡಿಗೆಮನೆಯಲ್ಲೇ ಒಂದು ಸುತ್ತು ಕುಣಿದೆ. ಮುಂದಿನ ಪರೀಕ್ಷೆಗೆ ಇನ್ನು ಮೂರು ತಿಂಗಳಿದೆ. ನನಗೆ ತಮ್ಮ ಹೊಳಪು ಬೇಡ, ಆ ಹಲ್ಲಿನ ಗುರುತು ಬೇಕು.

ಇಂದಿನಿಂದ ಮುಚ್ಚಳ ತೆರೆದು, ಮೂಸಿ, ಆಮೇಲೆ ನಂಬುವ
ತಮ್ಮ ವಿಶ್ವಾಸಿ,
ಭಾಗ್ಯಜ್ಯೋತಿ, ಸೇಡಂ

ಮರೆತ ಮಾತು: ಆ ಮೂರು ತಿಂಗಳೂ ಪ್ರತಿ ಸಂಜೆ ತಮ್ಮ ಕ್ಲಿಪ್ಪಿನ ಸಂದಿಗೆ ಇರುವೆಗಳು ಸಾಲುಗಟ್ಟಿ ಬರುತ್ತಿದ್ದವು, ನಾನು ಅರಿಶಿನ ಹಾಕಿ ಓಡಿಸುತ್ತಿದ್ದೆ. ಅವುಗಳ ಕ್ಷಮೆ ಕೋರುತ್ತೇನೆ. ಇರುವೆಗಳು ಎಂ.ಎ. ಮಾಡಿಲ್ಲ, ಹಾಗಾಗಿ ಖಾಲಿ ಡಬ್ಬಿಯನ್ನು ಸರಿಯಾಗಿ ಓದುತ್ತವೆ.